ಬಡಕ್ಯಾನ ಅಂಬಲಿ ಐಸ್

ಹೋದ ಏಪ್ರಿಲ್‌ನಲ್ಲಿ ನನ್ನ ಮೈದುನ ಸೊಲ್ಲಾಪುರದಿಂದ ಬಂದಿದ್ದ. ಮಧ್ಯಾಹ್ನ ಎರಡೂವರೆಗೆ ಬಸ್ ಇಳಿದು, ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದವನೇ ಸೀದಾ ಫ್ರಿಜ್ಜಿಗೆ ಕೈ ಹಾಕಿದ. ಫ್ರೀಜರಿನಲ್ಲಿ ಸ್ಟೀಲ್ ಲೋಟದೊಳಗೆ ಬೆಳ್ಳಗೆ ಗಟ್ಟಿಯಾಗಿ ಏನೋ ಕಂಡಿದೆ. ಕುಲ್ಫಿ ಅಂದುಕೊಂಡು ಚಮಚದಿಂದ ಕೆರೆದು ಕೆರೆದು ಅರ್ಧ ಲೋಟ ಮುಗಿಸಿದ. ಆಮೇಲೆ ಕೇಳಿದ, "ವೈನಿ, ಸಕ್ರಿ ಹಾಕೂದು ಮರ್ತೀರೇನ್ರಿ?"

ನನಗೆ ಬಾಯಿ ಬರಲಿಲ್ಲ. ಅತ್ತೆ ಕೂತಲ್ಲಿಂದಲೇ ಹೇಳಿದರು, "ತಿನ್ನು ತಿನ್ನು. ಬಡಕ್ಯಾನ ಪಾಲಿಂದು ಅದು."

ಬಡಕ್ಯಾ ಅಂದರೆ ನಮ್ಮ ನಾಯಿ. ಲಸಿಕೆ ಪುಸ್ತಕದಲ್ಲಿ ಅವನ ಹೆಸರು ಅರ್ಜುನ. ಮಾವ ಮುಧೋಳ ತಾಲ್ಲೂಕಿನ ಒಬ್ಬ ರೈತರ ಮನೆಯಿಂದ ತಂದ ಮರಿ. ಮುಧೋಳ ನಾಯಿ ಅಂದರೆ ಗೊತ್ತಲ್ಲ, ಉದ್ದ ಕಾಲು, ಒಳಗೆ ಎಳೆದುಕೊಂಡ ಹೊಟ್ಟೆ, ಎಣಿಸುವಂತಿರುವ ಪಕ್ಕೆಲುಬು. ಬಂದವರೆಲ್ಲ ಒಂದೇ ಮಾತು, "ಏನ್ರೀ, ನಾಯಿಗೆ ಕೂಳು ಹಾಕೂದಿಲ್ಲೇನು?" 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರ ಹಾಕಿ ಸ್ಟಾಂಪ್ ತಂದಿತ್ತು. ಅದರಲ್ಲೂ ಅದು ಬಡಕಲೇ. ಆದರೆ ಎಷ್ಟು ಜನಕ್ಕೆ ಸ್ಟಾಂಪ್ ತೋರಿಸುತ್ತ ಕೂರುವುದು? ಅತ್ತೆ ಇಟ್ಟ ಹೆಸರೇ ನಿಂತಿತು.

ವಿಜಯಪುರದ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ನಮಗಾದರೆ ಬೆವರು ಬರುತ್ತದೆ, ಫ್ಯಾನ್ ಕೆಳಗೆ ಕೂತರೆ ತಂಪಾಗುತ್ತದೆ. ನಾಯಿಗೆ ಬೆವರುವುದು ಅಂಗಾಲಿನಲ್ಲಿ ಮಾತ್ರ, ಅದೂ ಚೂರು. ಉಳಿದಿದ್ದೆಲ್ಲ ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಣಿಯಬೇಕು. ನಮ್ಮವನು ಮಧ್ಯಾಹ್ನವೆಲ್ಲ ಬಚ್ಚಲುಮನೆ ಬಾಗಿಲಲ್ಲಿ ಶಹಾಬಾದ್ ಕಲ್ಲಿನ ಮೇಲೆ ಹೊಟ್ಟೆ ಹಚ್ಚಿ ಬಿದ್ದಿರುತ್ತಾನೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಏಪ್ರಿಲ್, ಮೇ ರಜೆ. ಅವನ ಏದುಸಿರು ಕೇಳುತ್ತ ಮನೆಯಲ್ಲಿ ಕೂತಾಗಲೇ ಈ ಐಸ್ ಹುಚ್ಚು ಹಿಡಿದಿದ್ದು.

ಮೊದಲನೇ ಪ್ರಯೋಗ ಪೂರ್ತಿ ಫೇಲ್. ಹಾಲು, ಸಕ್ಕರೆ, ಕಸ್ಟರ್ಡ್ ಪುಡಿ ಹಾಕಿ ಐಸ್ ಕ್ಯಾಂಡಿ ಮಾಡಿದೆ. ಒಂದೇ ನಿಮಿಷದಲ್ಲಿ ಮುಗಿಸಿದ. ರಾತ್ರಿಯೆಲ್ಲ ಭೇದಿ. ಮರುದಿನ ಬೆಳಿಗ್ಗೆ ಅಂಗಳ ತೊಳೆದಿದ್ದು ನಾನೇ. ಬೆಳೆದ ನಾಯಿಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ ಅಂತ ಡಾಕ್ಟರ್ ಹೇಳಿದರು. ಮೊಸರು, ಮಜ್ಜಿಗೆ ಹುಳಿಯುವಾಗ ಆ ಸಕ್ಕರೆ ಸ್ವಲ್ಪ ಕಡಿಮೆಯಾಗುತ್ತದೆ, ಹಾಗಾಗಿ ಅವು ನಡೆಯುತ್ತವೆ ಅಂದರು.

ಮಜ್ಜಿಗೆ ಅಂದಕೂಡಲೇ ನನಗೆ ಅಂಬಲಿ ನೆನಪಾಯಿತು. ನಮ್ಮ ಕಡೆ ಬೇಸಿಗೆಗೆ ಇದಕ್ಕಿಂತ ಬೇರೆ ಔಷಧ ಉಂಟಾ? ಎರಡು ದೊಡ್ಡ ಚಮಚ ಜೋಳದ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸುತ್ತೇನೆ. ಎರಡು ಲೋಟ ನೀರು ಕುದಿಯಲು ಇಟ್ಟು, ಅದರಲ್ಲಿ ಸುರಿದು ಹತ್ತು ನಿಮಿಷ ತಿರುವುತ್ತ ಬೇಯಿಸಬೇಕು. ಹಿಟ್ಟು ಹಸಿ ಉಳಿಯಬಾರದು. ಪೂರ್ತಿ ಆರಿದ ಮೇಲೆ ಒಂದು ಲೋಟ ತೆಳು ಮಜ್ಜಿಗೆ. ಅಷ್ಟೇ. ಉಪ್ಪಿಲ್ಲ, ಜೀರಿಗೆ ಇಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ ಅಂತೂ ಹತ್ತಿರಕ್ಕೂ ಸುಳಿಯಬಾರದು, ಅವು ನಾಯಿಯ ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತವೆ. ನಮಗೆ ಮಾಡಿದ ಅಂಬಲಿಯಲ್ಲೇ ಉಳಿದಿದ್ದನ್ನು ಹಾಕಿದರಾಯಿತು ಅನ್ನುವ ಹಾಗಿಲ್ಲ. ಬೇರೆಯೇ ಮಾಡಬೇಕು.

ಲೋಟಕ್ಕೆ ಮುಕ್ಕಾಲು ಮಾತ್ರ ಸುರಿಯುತ್ತೇನೆ, ಹೆಪ್ಪುಗಟ್ಟುವಾಗ ಉಬ್ಬುತ್ತದೆ. ಒಂದೂವರೆ ತಾಸಿನ ನಂತರ ಅರ್ಧ ಗಟ್ಟಿಯಾದಾಗ ನಡುವೆ ಒಂದು ಗಜ್ಜರಿ ಚುಚ್ಚುತ್ತೇನೆ. ಐಸ್ ಕ್ಯಾಂಡಿಯ ಕಟ್ಟಿಗೆ ಕಡ್ಡಿ ಬೇಡವೇ ಬೇಡ, ಇವನಂಥವನು ಅದನ್ನೂ ನುಂಗುತ್ತಾನೆ. ಕೊಡುವಾಗ ಲೋಟವನ್ನು ನಳದ ಕೆಳಗೆ ಒಂದೆರಡು ಕ್ಷಣ ಹಿಡಿದರೆ ಐಸ್ ಜಾರಿ ಬರುತ್ತದೆ. ಲೋಟ ಸಮೇತ ಕೊಡಬೇಡಿ, ತಣ್ಣನೆ ಸ್ಟೀಲಿಗೆ ನಾಲಿಗೆ ಅಂಟುತ್ತದೆ. ಪರಾತದಲ್ಲಿ ಹಾಕಿಟ್ಟರೆ ಕರಗಿದ್ದನ್ನೂ ನೆಕ್ಕಿ ಸ್ವಚ್ಛ ಮಾಡುತ್ತಾನೆ.

ಬರೀ ನೀರಿನ ಐಸ್ ತುಂಡು ಕೊಟ್ಟರೆ ಆಗಲ್ವಾ ಅಂತ ಕೇಳುತ್ತಾರೆ. ಕಲ್ಲಿನಂಥ ಐಸನ್ನು ಕಟಕಟ ಕಡಿದರೆ ಹಲ್ಲು ಸೀಳುವ ಭಯ ಇದೆ. ಅಂಬಲಿ ಐಸ್ ಪುಡಿಪುಡಿಯಾಗಿ ಬಿಡುತ್ತದೆ, ಬರ್ಫಿ ಥರ. ದಿನ ಬಿಟ್ಟು ದಿನ ಒಂದು ಲೋಟ, ಅದಕ್ಕಿಂತ ಜಾಸ್ತಿ ಇಲ್ಲ. ಓಡಿ ಬಂದು ಏದುಸಿರು ಬಿಡುತ್ತಿರುವಾಗ ಕೊಡುವುದಿಲ್ಲ, ಉಸಿರು ಇಳಿದ ಮೇಲೆಯೇ.

ಇನ್ನು ನಮ್ಮ ಊರಿನ ಕಥೆಗೆ ಬರುತ್ತೇನೆ. ನನ್ನ ತಮ್ಮನದು ತಿಕೋಟಾ ಕಡೆ ದ್ರಾಕ್ಷಿ ತೋಟ. ಫೆಬ್ರುವರಿಯಿಂದ ನಮ್ಮ ಮನೆಗೆ ಬುಟ್ಟಿಗಟ್ಟಲೆ ದ್ರಾಕ್ಷಿ, ಆಮೇಲೆ ಡಬ್ಬಿಗಟ್ಟಲೆ ಮಣೂಕ, ಅಂದರೆ ಒಣದ್ರಾಕ್ಷಿ. ದ್ರಾಕ್ಷಿ ರಸ ಹೆಪ್ಪುಗಟ್ಟಿಸಿ ಕೊಟ್ಟರೆ ನಾಯಿಗೆ ಎಷ್ಟು ಚಲೋ ಅನಿಸಬಹುದು ಅಂತ ನಾನೂ ಒಮ್ಮೆ ಯೋಚಿಸಿದ್ದೆ. ಪುಣ್ಯಕ್ಕೆ ಮಾಡಲಿಲ್ಲ. ಅಷ್ಟರಲ್ಲಿ ಅರ್ಜುನನೇ ಎಡವಟ್ಟು ಮಾಡಿಕೊಂಡ.

ಎರಡು ವರ್ಷದ ಹಿಂದೆ ಮಾರ್ಚ್ ತಿಂಗಳು. ತಮ್ಮನ ಶೆಡ್ಡಿನಲ್ಲಿ ದ್ರಾಕ್ಷಿ ಒಣಗುತ್ತಿತ್ತು. ಗೊನೆಗಳನ್ನು ಡಿಪ್ಪಿಂಗ್ ಆಯಿಲ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ಕಲಸಿದ ನೀರಿನಲ್ಲಿ ಅದ್ದಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಯ ಮೇಲೆ ಹರಡುತ್ತಾರೆ. ನಾವೆಲ್ಲ ಹರಟೆ ಹೊಡೆಯುತ್ತ ಕೂತಿದ್ದೆವು. ಕೆಳಗೆ ಉದುರಿದ ಮಣೂಕವನ್ನು ಅರ್ಜುನ ಹೆಕ್ಕಿ ತಿನ್ನುತ್ತಿದ್ದುದನ್ನು ನೋಡಿ ತಮ್ಮ ನಕ್ಕ, "ತಿನ್ಲಿ ಬಿಡಕ್ಕ, ಬಡಕ್ಯಾ ಆಗ್ಯಾನ." ನನಗೆ ಎಲ್ಲೋ ಓದಿದ್ದು ಥಟ್ಟನೆ ನೆನಪಾಯಿತು. ಫೋನ್ ಮಾಡಿದೆ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ತಿಂದು ಎಷ್ಟು ಹೊತ್ತಾಯಿತು?" ಹದಿನೈದು ನಿಮಿಷ ಅಂದೆ. "ಹಂಗಾದ್ರ ಈಗಲೇ ಹೊರಡ್ರಿ."

ಅರ್ಧ ಗಂಟೆಯಲ್ಲಿ ವಿಜಯಪುರ ಮುಟ್ಟಿದೆವು. ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರು. ಮಣೂಕ ಹಾಗೆ ಹಾಗೆಯೇ ಹೊರಗೆ ಬಂತು, ಎಣಿಸಿದರೆ ಐವತ್ತರ ಮೇಲೆ. ಎರಡು ದಿನ ಸಲೈನ್, ಮೂರು ದಿನ ಕಿಡ್ನಿ ಪರೀಕ್ಷೆಗೆ ರಕ್ತ. ಏನೂ ಆಗಲಿಲ್ಲ. ಒಂದು ನಾಯಿ ಮುಷ್ಟಿ ತಿಂದು ಆರಾಮಿರಬಹುದು, ಇನ್ನೊಂದು ನಾಲ್ಕು ತಿಂದು ಕಿಡ್ನಿ ಕೆಡಿಸಿಕೊಳ್ಳಬಹುದು, ಇಷ್ಟು ತಿಂದರೆ ಅಪಾಯವಿಲ್ಲ ಅನ್ನುವ ಲೆಕ್ಕವೇ ಇಲ್ಲ ಅಂದರು ಡಾಕ್ಟರ್. ಗಣಿತದವಳಿಗೆ ಇದು ಸಮಾಧಾನದ ಉತ್ತರ ಅಲ್ಲ.

ಹಾಗಾಗಿ ಓದುತ್ತ ಹೋದೆ. ದ್ರಾಕ್ಷಿಯಲ್ಲಿ ನಾಯಿಗೆ ವಿಷವಾಗುವುದು ಯಾವುದು ಅಂತ ಬಹಳ ವರ್ಷ ಯಾರಿಗೂ ತಿಳಿದಿರಲಿಲ್ಲವಂತೆ. 2021ರ ಸುಮಾರಿಗೆ ಅಮೆರಿಕದ ಪಶುವೈದ್ಯರು ಟಾರ್ಟಾರಿಕ್ ಆಮ್ಲವೇ ಇರಬೇಕು ಅಂದರು. ಇದೇ ಆಮ್ಲದ ಅಂಶ ಇರುವ, ಬೇಕರಿಗೆ ಬಳಸುವ ಕ್ರೀಮ್ ಆಫ್ ಟಾರ್ಟರ್ ತಿಂದ ನಾಯಿಗಳಿಗೂ, ಇದೇ ಆಮ್ಲ ಇರುವ ಹುಣಸೆ ತಿಂದ ನಾಯಿಗಳಿಗೂ ಅದೇ ಥರ ಕಿಡ್ನಿ ಕೆಟ್ಟಿದ್ದು ಅವರಿಗೆ ಸುಳಿವು ಕೊಟ್ಟಿತ್ತು. ಹುಣಸೆ! ನಾನು ಎದ್ದು ಅಡುಗೆಮನೆಗೆ ಹೋಗಿ ಹುಣಸೆಹಣ್ಣಿನ ಗಡಿಗೆಯನ್ನು ಮೇಲಿನ ಮಾಡಕ್ಕೆ ಏರಿಸಿದೆ. ಬೇಸಿಗೆಯಲ್ಲಿ ಹುಣಸೆ ಪಾನಕ ಮಾಡಿದಾಗಲೆಲ್ಲ ಅವನಿಗೂ ಒಂದು ಬಟ್ಟಲು ಇಡುತ್ತಿದ್ದೆವಲ್ಲ ಅಂತ ಎದೆ ಝಲ್ಲೆಂದಿತು.

ಉಳಿದಿದ್ದು ಸುಲಭ. ಕಲ್ಲಂಗಡಿ ಬೀಜ, ಸಿಪ್ಪೆ ತೆಗೆದು ಕೊಡುತ್ತೇನೆ. ಸೀಕರಣೆಗೆ ಮಾವಿನಹಣ್ಣು ಹಿಂಡುವಾಗ, ಸಕ್ಕರೆ ಹಾಕುವ ಮೊದಲು ಅವನಿಗೆ ಎರಡು ಚಮಚ. ಗೊಪ್ಪ, ಅಂದರೆ ಗೊರಟೆ, ಅವನ ಬಾಯಿಗೆ ಸಿಗದಂತೆ ಎಸೆಯಬೇಕು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹುರಿದ ಶೇಂಗಾ ಮಿಕ್ಸಿಯಲ್ಲಿ ರುಬ್ಬಿ ಮೇಲೆ ಸವರಿದರೆ ಅವನಿಗೆ ಹಬ್ಬ. ಆದರೆ ಶೇಂಗಾ ಹಿಂಡಿ ಅಲ್ಲ, ಅದರಲ್ಲಿ ಖಾರ, ಉಪ್ಪು, ಬಳ್ಳೊಳ್ಳಿ ಮೂರೂ ಇವೆ. ಅಂಗಡಿಯ ಪೀನಟ್ ಬಟರ್ ಆದರೆ ಡಬ್ಬಿಯ ಮೇಲೆ ಕ್ಸೈಲಿಟಾಲ್ (ಸಕ್ಕರೆಯ ಬದಲು ಹಾಕುವ ಸಿಹಿ) ಅಂತ ಇದೆಯಾ ನೋಡಿ. ಇದ್ದರೆ ಮುಟ್ಟಬೇಡಿ, ಅದು ನಾಯಿಗೆ ವಿಷ.

ಅತ್ತೆಯ ತಕರಾರು ಬೇರೆಯೇ. "ಖೋವಾ ಇಡೂ ಜಾಗದಾಗ ನಾಯಿದು ಇಡ್ತೀಯಲ್ಲವಾ" ಅಂತ ಮುಖ ಗಂಟಿಕ್ಕುತ್ತಾರೆ. ಅದು ನ್ಯಾಯವೇ. ಅದಕ್ಕೇ ಮೂರು ಲೋಟಕ್ಕೂ ಮುಚ್ಚಳದ ಒಂದು ಸ್ಟೀಲ್ ಡಬ್ಬಿ ತಂದೆ. ಡಬ್ಬಿಯ ಮೇಲೆ ನಾಯಿ ಚಿತ್ರ ಬರೆದಿದ್ದೇನೆ. ಮಗಳು ಅದನ್ನು ಕುದುರೆ ಅನ್ನುತ್ತಾಳೆ.

ಈ ಸಲ ಮೇ ಮೊದಲ ವಾರ ಗಾಳಿಗೆ ಕಂಬ ಬಿದ್ದು ನಮ್ಮ ಓಣಿಗೆ ಒಂದೂವರೆ ದಿನ ಕರೆಂಟ್ ಇರಲಿಲ್ಲ. ಡಬ್ಬಿ ತೆರೆದರೆ ಲೋಟದಲ್ಲಿ ಹುಳಿ ವಾಸನೆಯ ನೀರು, ಮೇಲೆ ತೇಲುವ ಗಜ್ಜರಿ. ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು, ಚೆಲ್ಲಿದೆ. ಮಾವ ಒಂದು ಗೋಣಿಚೀಲ ನೆನೆಸಿ, ಹಿಂಡಿ, ಬೇವಿನ ಗಿಡದ ಕೆಳಗೆ ಹಾಸಿದರು. ಹರವಿಯ ತಣ್ಣೀರು ಬೋಗುಣಿಗೆ ಹಾಕಿಟ್ಟರು. ಅರ್ಜುನ ನೀರು ಕುಡಿದು, ಚೀಲದ ಮೇಲೆ ಮೂರು ಸುತ್ತು ತಿರುಗಿ, ಕಾಲು ಚಾಚಿ ಮಲಗಿ ಗೊರಕೆ ಹೊಡೆದ. ಫ್ರೀಜರ್ ಕಡೆ ತಿರುಗಿಯೂ ನೋಡಲಿಲ್ಲ. ಕರೆಂಟ್ ಬಂದಕೂಡಲೇ ಓಡಿ ಹೋಗಿ ಅಂಬಲಿಗೆ ನೀರಿಟ್ಟವಳು ನಾನೇ.