ತಲಕಾಡಿನ ತಿರುವಿನಲ್ಲಿ ಕಸದ ಗೆರೆ

ಮೈಸೂರಿನಿಂದ ಟಿ. ನರಸೀಪುರದ ಮೇಲೆ ಹೋದರೆ ತಲಕಾಡು ಸುಮಾರು 45 ಕಿಲೋಮೀಟರ್. ನರಸೀಪುರದಲ್ಲಿ ಕಾವೇರಿ, ಕಪಿಲೆ ಸೇರುವ ಜಾಗ ನೋಡಿ, ಟೀ ಕುಡಿದು ಹೊರಟೆವು. ಜೊತೆಗೆ ಭಾವ ಇದ್ದರು. ಮಲ್ಪೆಯವರು, ಕಡಲ ದಡದಲ್ಲೇ ಬೆಳೆದವರು.

ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಕೀರ್ತಿನಾರಾಯಣ ಗುಡಿಯ ಸುತ್ತ ಮರಳೋ ಮರಳು. ಅಲಮೇಲಮ್ಮನ ಶಾಪದ ಕಥೆ ಎಲ್ಲರಿಗೂ ಗೊತ್ತು. ಹೊಳೆ ತಿರುಗುವಲ್ಲಿ ನಿಂತ ಮರಳನ್ನು ಗಾಳಿ ಹೊತ್ತು ತಂದು ಇಲ್ಲಿ ಗುಡ್ಡೆ ಹಾಕಿದೆ. ಕಸದ ಕಥೆಯೂ ಹೆಚ್ಚುಕಮ್ಮಿ ಇದೇ ಅಂತ ಹೊಳೆಗೆ ಇಳಿದಾಗ ಗೊತ್ತಾಯಿತು.

ನೀರಿನ ಅಂಚು ಚೊಕ್ಕಟವಾಗಿತ್ತು. ಸ್ವಲ್ಪ ಮೇಲೆ, ಜೊಂಡು ಬೆಳೆದ ಕಡೆ, ಉದ್ದಕ್ಕೂ ಒಂದು ಗೆರೆ: ಒಣಕಡ್ಡಿ, ಥರ್ಮಾಕೋಲ್ ಚೂರು, ಶಾಂಪೂ ಪ್ಯಾಕೆಟ್, ಒಂಟಿ ಚಪ್ಪಲಿ.

"ನಮ್ಮಲ್ಲಿ ಉಬ್ಬರ ಬಿಟ್ಟು ಹೋಗುವ ಗೆರೆ ಹೀಗೇ ಇರ್ತದೆ ಮಾರಾಯ" ಎಂದರು ಭಾವ. ಮಳೆಗಾಲದಲ್ಲಿ ನೈಋತ್ಯದ ಗಾಳಿ, ದೊಡ್ಡ ಅಲೆ ಎರಡೂ ದಡಕ್ಕೇ ನುಗ್ಗುತ್ತವೆ, ಆಗ ಕಡಲು ಕಸವನ್ನು ಹೊರಗೆ ಎಸೆಯುತ್ತದೆ. ನದಿ ಸೇರುವ ಕಡೆ, ಮೀನುಗಾರಿಕೆ ಬಂದರಿನ ಹತ್ತಿರ ಬಲೆ, ಹಗ್ಗದ ತುಂಡು ಜಾಸ್ತಿ. ಮರಳ ಮೇಲೆ ಬಳ್ಳಿ ಹಬ್ಬಿದ್ದರೆ ಸಿಕ್ಕಿದ ಕಸ ಮತ್ತೆ ನೀರಿಗೆ ಹೋಗುವುದು ಕಷ್ಟ.

ಇಲ್ಲಿ ಉಬ್ಬರವಿಲ್ಲ, ಪ್ರವಾಹ ಇದೆ. ಮೇಲೆ ಕನ್ನಂಬಾಡಿ, ಕಬಿನಿ ಎರಡರಲ್ಲೂ ನೀರು ಬಿಟ್ಟಾಗ ಹೊಳೆ ಉಕ್ಕುತ್ತದೆ. ಹರಿಗೋಲಿನವರು ಒಂದು ಮರ ತೋರಿಸಿದರು: "ಅಲ್ಲಿಗಂಟ ಬತ್ತದೆ ಸಾರ್." ಆಳೆತ್ತರದ ಕೊಂಬೆಯಲ್ಲಿ ಪ್ಲಾಸ್ಟಿಕ್ ಚೀಲದ ಚಿಂದಿ ನೇತಾಡುತ್ತಿತ್ತು.

ನಾನು ಕೂತು ಆರಿಸತೊಡಗಿದೆ. ಬಾಟಲಿಗಿಂತ ಮುಚ್ಚಳಗಳೇ ಹೆಚ್ಚು ಸಿಕ್ಕವು. ಮುಚ್ಚಳದ ಪ್ಲಾಸ್ಟಿಕ್ ನೀರಿಗಿಂತ ಹಗುರ, ತೇಲುತ್ತದೆ. ಬಾಟಲಿಯದು ನೀರಿಗಿಂತ ಭಾರ. ಮುಚ್ಚಳ ತೆಗೆದು ಎಸೆದರೆ ನೀರು ತುಂಬಿಕೊಂಡು ತಳ ಸೇರುತ್ತದೆ. ಅಂದರೆ ದಡದಲ್ಲಿ ನಮಗೆ ಕಾಣುವುದು ತೇಲಿ ಬಂದದ್ದು ಮಾತ್ರ, ಅಲ್ವಾ? ಇದು ನನ್ನನ್ನು ತುಂಬಾ ಕಾಡಿತು. ಇಲ್ಲಿ ಸಿಕ್ಕಿಕೊಳ್ಳದೆ ತೇಲಿ ಹೋದದ್ದು ಶಿವನಸಮುದ್ರ ದಾಟಿ, ತಮಿಳುನಾಡಿನ ಅಣೆಕಟ್ಟುಗಳಲ್ಲಿ ನಿಲ್ಲದಿದ್ದರೆ, ಬಂಗಾಳ ಕೊಲ್ಲಿಯ ದಡದವರ ಪಾಲು.

ಚೀಲ ತುಂಬಿತು. ಮರದ ಬುಡದಲ್ಲಿ ಇಡಲು ಹೋದರೆ ಹರಿಗೋಲಿನವರು ತಡೆದರು. "ಬ್ಯಾಡಿ ಸಾರ್, ನೀರ್ ಬಂದ್ರೆ ವಾಪಸ್ ಹೊಳೆಗೇ ಹೋಯ್ತದೆ." ಅಲ್ಲೇ ಇದ್ದ ಕಸದ ಡಬ್ಬವೂ ಆ ಕೊಂಬೆಗಿಂತ ಕೆಳಗೇ ಇತ್ತು, ಅದೂ ತುಂಬಿ ಚೆಲ್ಲಿತ್ತು. ಚೀಲವನ್ನು ರಸ್ತೆ ಬದಿಯ ಡಬ್ಬಕ್ಕೆ ಹೊತ್ತೊಯ್ದೆವು. ಕೆಳಗಿನ ಡಬ್ಬವನ್ನು ಮಳೆಗಾಲಕ್ಕೆ ಮುಂಚೆ ಯಾರಾದರೂ ಮೇಲಕ್ಕೆ ಸಾಗಿಸಲೇಬೇಕು.