ಮಲಗಿದ್ರೆ ತಾನೆ ಮಗ್ಗುಲು

ಸೋಮವಾರ ಮನೆಗೆ ಬಂದ ನರ್ಸ್ ಫೈಲು ಬಿಚ್ಚಲೇ ಇಲ್ಲ. ದೊಡ್ಡಪ್ಪನ ಪಕ್ಕ ಕೂತು ಕೇಳಿದರು, "ರಾತ್ರಿ ಯಾವ ಮಗ್ಗುಲಿಗೆ ಮಲಗ್ತೀರಿ ಸರ್?"

ದೊಡ್ಡಪ್ಪ ನಕ್ಕರು. "ಮಲಗಿದ್ರೆ ತಾನೆಮ್ಮಾ ಮಗ್ಗುಲು."

ವಾರವೆಲ್ಲ ಇದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಮೂರು ವಾರದಿಂದ ಅವರು ಬೆತ್ತದ ಕುರ್ಚಿಯಲ್ಲಿ ಕೂತೇ ರಾತ್ರಿ ಕಳೆಯುತ್ತಿದ್ದರು. ನಾವೆಲ್ಲ ನೋಡಿದ್ದೆವು. ಸೆಕೆ ಇರಬೇಕು, ಕೆಮ್ಮು ಇರಬೇಕು ಅಂದುಕೊಂಡೆವು. ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದೆ ಅಂತ ಗೊತ್ತಿತ್ತು, ಆದರೂ ಮಲಗಿದರೆ ನೋಯುತ್ತಾ ಅಂತ ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಆಸ್ಪತ್ರೆಯ ಡಾಕ್ಟರು "ಇನ್ನು ಮಾಡೋದೇನಿಲ್ಲ, ಮನೆಗೆ ಕರ್ಕೊಂಡು ಹೋಗಿ" ಅಂದಿದ್ದರು. ಕೆಟ್ಟವರಲ್ಲ ಪಾಪ, ಹೊರಗೆ ಅಷ್ಟುದ್ದ ಸಾಲಿತ್ತು. ಆದರೆ ಮಾಡೋದು ಬೇಕಾದಷ್ಟಿತ್ತು.

ನೋವಿಗೆ ಹತ್ತಕ್ಕೆ ಎಷ್ಟು ಕೊಡ್ತೀರಿ ಅಂತ ನರ್ಸ್ ಕೇಳಿದರು. ದೊಡ್ಡಪ್ಪ ಮೇಷ್ಟ್ರಾಗಿದ್ದವರು. "ನಾನು ಮಾರ್ಕ್ಸ್ ಕೊಡೋದ್ರಲ್ಲಿ ಜಿಪುಣ. ಎಂಟು ಬರ್ಕೊ."

ನರ್ಸ್ ತಮ್ಮ ಡಾಕ್ಟರಿಗೆ ಫೋನ್ ಮಾಡಿದರು. ಅಫೀಮಿನಿಂದ ತೆಗೆಯೋ ನೋವಿನ ಔಷಧಿ, ಮಾರ್ಫಿನ್ ಮಾತ್ರೆ ಅಂತಾಯಿತು. ದೊಡ್ಡಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಅದು ಕೊನೆಗಾಲಕ್ಕೆ ಕೊಡೋದಲ್ವೇನೇ?" ಅಂದರು. ಅಣ್ಣನದು ಬೇರೆ ಚಿಂತೆ. "ಚಟ ಹಿಡಿದ್ಬಿಟ್ರೆ?" ಫೋನಲ್ಲಿ ಓದಿ ಓದಿ ಅರ್ಧ ಡಾಕ್ಟರಾಗಿದ್ದಾನೆ. ಇನ್ನೊಂದು ಆಸ್ಪತ್ರೆ ಹುಡುಕೋ ಗಡಿಬಿಡಿಯಲ್ಲಿ ಅಪ್ಪನ ಪಕ್ಕ ಕೂರೋದೇ ಕಡಿಮೆ.

ನರ್ಸ್ ಗದರಲಿಲ್ಲ. ನೋವಿಗೆ ತಕ್ಕಷ್ಟು ಕೊಡ್ತೀವಿ, ನೋಡ್ಕೊಂಡು ಏರಿಸ್ತೀವಿ ಅಂದರು. ನಾಲ್ಕು ಗಂಟೆಗೊಂದು, ನೋವು ಬರಲಿ ಅಂತ ಕಾಯಬಾರದು. ರಾತ್ರಿ ಮಲಗೋವಾಗ ಎರಡು, ನಡುರಾತ್ರಿ ಎಬ್ಬಿಸೋದು ತಪ್ಪುತ್ತೆ. ಮಲಬದ್ಧತೆಯ ಮಾತ್ರೆ ಮಾತ್ರ ಮರೀಬೇಡಿ ಅಂತ ಮೂರು ಸಲ ಹೇಳಿದರು.

ಮಂಗಳವಾರ ಅಣ್ಣ ಮೆಡಿಕಲ್ ಸ್ಟೋರುಗಳನ್ನೆಲ್ಲ ಅಲೆದ. ಎಲ್ಲೂ ಇಲ್ಲ. ಕೊನೆಗೆ ಅನುಮತಿ ಇರೋ ಆಸ್ಪತ್ರೆಯೊಂದರಿಂದ ತಂದ. ಮಧ್ಯಪ್ರದೇಶ, ರಾಜಸ್ಥಾನದಲ್ಲಿ ಸರ್ಕಾರದ ಲೈಸೆನ್ಸ್ ಮೇಲೆ ಅಫೀಮು ಬೆಳೆಯೋ ದೇಶ ನಮ್ಮದು. 1985ರ ಮಾದಕವಸ್ತು ಕಾಯ್ದೆಗೆ ಹೆದರಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡೋದನ್ನೇ ಬಿಟ್ಟವು. ಹಲವು ಲೈಸೆನ್ಸ್ ಬೇಡ, ಒಂದೇ ಅನುಮತಿ ಸಾಕು ಅಂತ 2014ರಲ್ಲಿ ತಿದ್ದುಪಡಿ ಬಂತು. ಅದಾಗಿ ಇಷ್ಟು ವರ್ಷವಾದರೂ ಅಣ್ಣ ಹೀಗೆ ಅಲೆಯಬೇಕಾ?

ನಮಗಿಂತ ಬಡ ದೇಶಗಳ ಪಾಡು ಇನ್ನೂ ಕಷ್ಟ. ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗದ 2017ರ ವರದಿ ಪ್ರಕಾರ, ಮಾರ್ಫಿನ್ ಥರದ ನೋವಿನ ಔಷಧಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 299 ಟನ್ ಹಂಚಿಕೆಯಾಗುತ್ತಿತ್ತು. ಅದರಲ್ಲಿ ತೀರಾ ಬಡ ದೇಶಗಳಿಗೆಲ್ಲ ಸೇರಿ ಸಿಕ್ಕಿದ್ದು 0.1 ಟನ್. ಅಂದ್ರೆ ನೂರು ಕೆಜಿ. ಅಂಥದ್ದರಲ್ಲೂ ಉಗಾಂಡದವರು ಸುಮ್ನೆ ಕೂರಲಿಲ್ಲ. ಮಾರ್ಫಿನ್ ಪುಡಿಯನ್ನು ನೀರಲ್ಲಿ ಕಲಸಿ, ಬಣ್ಣ ಹಾಕಿ, ಬಾಟಲಿಗೆ ತುಂಬಿ ಕೊಡ್ತಾರೆ. 2004ರಿಂದ ಅಲ್ಲಿ ತರಬೇತಿ ಪಡೆದ ನರ್ಸ್‌ಗಳೇ ಅದನ್ನು ಬರೆದುಕೊಡಬಹುದು.

ಗುರುವಾರ ರಾತ್ರಿ ಎರಡಕ್ಕೆ ದೊಡ್ಡಮ್ಮ ಎದ್ದು ನೋಡಿದರೆ ಕುರ್ಚಿ ಖಾಲಿ. ಎದೆ ಧಸಕ್ಕೆಂದು ನನ್ನನ್ನು ಎಬ್ಬಿಸಿದರು. ಇಬ್ಬರೂ ರೂಮಿಗೆ ಓಡಿದೆವು. ದೊಡ್ಡಪ್ಪ ಮಂಚದ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು.

ಬೆಳಿಗ್ಗೆ ನರ್ಸ್ ಫೋನ್ ಮಾಡಿದಾಗ ದೊಡ್ಡಪ್ಪನೇ ಕೈ ಚಾಚಿ ಫೋನ್ ಇಸ್ಕೊಂಡರು. "ಎಡಮಗ್ಗುಲು, ಬರ್ಕೊ" ಅಂದರು.