"ಎಷ್ಟು ವಾಟ್‌ದು ತಗೊಳ್ಳಲಿ?" ಅಂತ ಕೇಳುವವರಿಗೆಲ್ಲ ಒಂದೇ ಉತ್ತರ

"ಸಾರ್, ಒಂದು ಒಳ್ಳೇ ವ್ಯಾಕ್ಯೂಮ್ ಕ್ಲೀನರ್ ಹೇಳಿ. ಎಷ್ಟು ವಾಟ್‌ದು ತಗೊಳ್ಳಲಿ?"

ಮದುವೆ ಮನೆಯ ಪಂಕ್ತಿಯಲ್ಲಿ, ಲಿಫ್ಟಿನಲ್ಲಿ, ದೀಪಾವಳಿ ಆಫರ್ ಶುರುವಾದ ರಾತ್ರಿ ವಾಟ್ಸಾಪಿನಲ್ಲಿ, ಪ್ರಶ್ನೆ ಮಾತ್ರ ಇದೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಬರೆದಿಡುತ್ತಿದ್ದೇನೆ. ಬ್ರ್ಯಾಂಡಿನ ಹೆಸರು ಇದರಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ಹೆಸರು ಹೇಳಿದವರ ಪಾಡು ಏನೆಂದರೆ, ಮೆಷಿನ್ ಕೆಟ್ಟಾಗ ಕಂಪನಿಗಿಂತ ಮೊದಲು ಫೋನ್ ಬರುವುದು ಅವರಿಗೇ.

ವಾಟ್ ಅಂದರೆ ಮೆಷಿನ್ ಮೀಟರಿನಿಂದ ತಿನ್ನುವ ಕರೆಂಟಿನ ಲೆಕ್ಕ. ಎಷ್ಟು ಧೂಳು ಎಳೆಯುತ್ತದೆ ಅನ್ನುವುದರ ಲೆಕ್ಕವಲ್ಲ. ಜಾಸ್ತಿ ಉಣ್ಣುವ ಆಳೇ ಜಾಸ್ತಿ ಗೇಯುತ್ತಾನೆ ಅಂತ ಗದ್ದೆಯಲ್ಲಿ ಯಾರೂ ನಂಬುವುದಿಲ್ಲ, ಶೋರೂಮಿನಲ್ಲಿ ಮಾತ್ರ ಎಲ್ಲರೂ ನಂಬುತ್ತಾರೆ. ಮನೆಬಳಕೆಯ ಸಾಧಾರಣ ಮೆಷಿನ್‌ನಲ್ಲಿ ಒಳಹೋದ ವಿದ್ಯುತ್ತಿನ ಕಾಲು ಭಾಗದ ಆಸುಪಾಸು ಮಾತ್ರ ಗಾಳಿ ಎಳೆಯುವ ಕೆಲಸಕ್ಕೆ ಬರುತ್ತದೆ. ಉಳಿದದ್ದು ಬಿಸಿ, ಮತ್ತು ಪಕ್ಕದ ಮನೆಗೂ ಕೇಳುವ ಸದ್ದು. ಯುರೋಪಿಯನ್ ಒಕ್ಕೂಟ 2014ರ ಸೆಪ್ಟೆಂಬರ್‌ನಿಂದ 1600 ವಾಟ್, 2017ರ ಸೆಪ್ಟೆಂಬರ್‌ನಿಂದ 900 ವಾಟ್ ಅಂತ ಮಿತಿ ಹಾಕಿತು. ಅದನ್ನು ಮೀರಿದ ಮನೆಬಳಕೆ ಮೆಷಿನ್ ಮಾರುಕಟ್ಟೆಗೆ ಬಿಡುವಂತಿಲ್ಲ. ಮೊದಲ ಮಿತಿ ಬರುವ ಮುಂಚೆ ಬ್ರಿಟನ್ನಿನ ಜನ ದೊಡ್ಡ ವಾಟಿನ ಮೆಷಿನ್‌ಗಳಿಗೆ ಮುಗಿಬಿದ್ದರು. ಅಂದರೆ ಈ ಹುಚ್ಚು ನಮಗೆ ಮಾತ್ರ ಅಲ್ಲ, ಅಷ್ಟು ಸಮಾಧಾನ. ಅದೇ ನಿಯಮದಲ್ಲಿ ಮೋಟಾರು 500 ಗಂಟೆ ಬಾಳಬೇಕು, ಹೋಸ್ 40,000 ಸಲ ಬಾಗಿಸಿದರೂ ಉಳಿಯಬೇಕು ಅಂತಲೂ ಇತ್ತು. ನಮ್ಮ ಕಡೆ ಹೋಸ್ ಎಷ್ಟು ಗಟ್ಟಿ ಅಂತ ಕೇಳಿ ಕೊಂಡವರನ್ನು ನಾನಂತೂ ಕಾಣೆ.

"ಸರಿ, ವಾಟ್ ಬೇಡ, ಕಿಲೋಪ್ಯಾಸ್ಕಲ್ ನೋಡ್ತೀನಿ" ಅನ್ನುವವರು ಎರಡನೇ ಗುಂಪು. ಇವರು ಸ್ವಲ್ಪ ಓದಿಕೊಂಡವರು, ಹಾಗಾಗಿ ಇವರ ಜೊತೆ ಕಷ್ಟ ಇನ್ನೂ ಜಾಸ್ತಿ. ಕಿಲೋಪ್ಯಾಸ್ಕಲ್ ಅಂದರೆ ಒತ್ತಡದ, ಇಲ್ಲಿ ಸೆಳೆತದ, ಅಳತೆ. ಡಬ್ಬದ ಮೇಲಿನ 20 ಕಿಲೋಪ್ಯಾಸ್ಕಲ್ ಅನ್ನುವುದು ಪೈಪಿನ ಬಾಯಿಯನ್ನು ಪೂರ್ತಿ ಮುಚ್ಚಿ ಅಳೆದ ಸಂಖ್ಯೆ. ಸುಮಾರು 2 ಮೀಟರ್ ನೀರನ್ನು ಮೇಲೆತ್ತುವಷ್ಟು ಸೆಳೆತ, ನಿಜ. ಆದರೆ ಆ ಹೊತ್ತಿನಲ್ಲಿ ಪೈಪಿನೊಳಗೆ ಗಾಳಿಯೇ ಹರಿಯುತ್ತಿರುವುದಿಲ್ಲ. ಗಾಳಿ ಹರಿಯದೆ ಧೂಳು ಬರುವುದಿಲ್ಲ. ಬಾಯಿ ಪೂರ್ತಿ ತೆರೆದಿಟ್ಟರೆ ಗಾಳಿ ಧಾರಾಳ, ಸೆಳೆತ ಸೊನ್ನೆಯ ಹತ್ತಿರ. ಕೆಲಸ ನಡೆಯುವುದು ಇವೆರಡರ ನಡುವೆ. ಲೆಕ್ಕ ಸುಲಭ: ಕಿಲೋಪ್ಯಾಸ್ಕಲನ್ನು ಸೆಕೆಂಡಿಗೆ ಎಷ್ಟು ಲೀಟರ್ ಗಾಳಿ ಅನ್ನುವುದರಿಂದ ಗುಣಿಸಿದರೆ ಎಳೆಯುವ ಶಕ್ತಿ ವಾಟಿನಲ್ಲೇ ಸಿಗುತ್ತದೆ. ಮುಚ್ಚಿದಾಗ 20 ಕಿಲೋಪ್ಯಾಸ್ಕಲ್, ತೆರೆದಾಗ ಸೆಕೆಂಡಿಗೆ 30 ಲೀಟರ್ ಇರುವ ಮೆಷಿನ್ ನಡುಮಧ್ಯದಲ್ಲಿ 10 ಕಿಲೋಪ್ಯಾಸ್ಕಲ್, 15 ಲೀಟರ್ ಆಸುಪಾಸಿನಲ್ಲಿರುತ್ತದೆ. ಗುಣಿಸಿ, 150. ಡಬ್ಬದ ಮೇಲೆ ಏರ್‌ವಾಟ್ ಅಂತ ಬರೆದಿದ್ದರೆ ಅದು ಈ ಸಂಖ್ಯೆ. ಹೋಲಿಸುವುದಾದರೆ ಅದನ್ನು ಹೋಲಿಸಿ. ತಾನೇ ಓಡಾಡಿ ಗುಡಿಸುವ ರೋಬೋಟ್ ಮಾರುವವರು 8000 ಪ್ಯಾಸ್ಕಲ್ ಅಂತ ದೊಡ್ಡಕ್ಷರದಲ್ಲಿ ಹಾಕುತ್ತಾರೆ. ಅದು 8 ಕಿಲೋಪ್ಯಾಸ್ಕಲ್ ಅಷ್ಟೇ, ಸೊನ್ನೆ ಎಣಿಸಿ ಬೆರಗಾಗಬೇಡಿ.

ವಾಟ್ ನೋಡಲೇಬೇಕು ಅಂತ ಹಟ ಇದ್ದರೆ ನಿಮ್ಮ ಮನೆಯ ಗೋಡೆಗಾಗಿ ನೋಡಿ. 230 ವೋಲ್ಟಿನಲ್ಲಿ 6 ಆಂಪಿಯರ್ ಸಾಕೆಟ್ಟಿನ ಮಿತಿ 1380 ವಾಟ್. 1600 ವಾಟಿನ ಮೆಷಿನ್ 7 ಆಂಪಿಯರ್ ಎಳೆಯುತ್ತದೆ. ಅದನ್ನು ಟಿವಿ ಹಿಂದಿನ ಎಕ್ಸ್‌ಟೆನ್ಶನ್ ಬಾಕ್ಸಿಗೆ ಸಿಕ್ಕಿಸಿ ಅರ್ಧ ಗಂಟೆ ಓಡಿಸಿದರೆ ಪ್ಲಗ್ಗಿನ ಪಿನ್ನು ಕೈಸುಡುವಷ್ಟು ಕಾಯಬಹುದು, ಸಡಿಲ ಇದ್ದರೆ ಕರಗಲೂಬಹುದು. ದೊಡ್ಡ ಮೆಷಿನ್‌ಗೆ 16 ಆಂಪಿಯರ್ ಪಾಯಿಂಟೇ ಬೇಕು. ಹೆಚ್ಚಿನ ಮನೆಗಳಲ್ಲಿ ಅದು ಇರುವುದು ಗೀಜರ್, ಎಸಿ, ಅಡುಗೆಮನೆಯ ಹತ್ತಿರ; ವೈರು ಅಲ್ಲಿಂದ ಹಾಲಿನ ಮೂಲೆಗೆ ಮುಟ್ಟುತ್ತದೆಯೇ ನೋಡಿಕೊಂಡು ಅಂಗಡಿಗೆ ಹೋಗಿ.

ಬ್ಯಾಟರಿಯದ್ದಕ್ಕೂ ಲೆಕ್ಕವೇ. 21.6 ವೋಲ್ಟ್, 2500 ಎಂಎಎಚ್ ಅಂದರೆ 54 ವಾಟ್-ಅವರ್. 400 ವಾಟಿನ ಟರ್ಬೋದಲ್ಲಿ 8 ನಿಮಿಷಕ್ಕೆ ಖಾಲಿ, 80 ವಾಟಿನ ಇಕೋದಲ್ಲಿ 40 ನಿಮಿಷ. ಜಾಹೀರಾತಿನ 40 ನಿಮಿಷ ಎರಡನೆಯದು, ನೀವು ಸೋಫಾ ತಿಕ್ಕುವಾಗ ಒತ್ತುವ ಬಟನ್ ಮೊದಲನೆಯದು. ದಿನಾ ಕೂದಲು, ಚೂರುಪಾರು ಎತ್ತಲು ಇದು ಚೆನ್ನ. ವರ್ಷಕ್ಕೊಮ್ಮೆ ಹಬ್ಬದ ಧೂಳು ಹೊಡೆಯಲು ಅಲ್ಲ. ರೋಬೋಟಿಗೆ ಹೊಸ್ತಿಲು ಅಳೆಯಿರಿ. ಸುಮಾರು 2 ಸೆಂಟಿಮೀಟರಿಗಿಂತ ಎತ್ತರ ಇದ್ದರೆ ಹೆಚ್ಚಿನವು ಹತ್ತುವುದಿಲ್ಲ, ಹಾಲ್ ಒಂದನ್ನೇ ಮತ್ತೆ ಮತ್ತೆ ಗುಡಿಸುತ್ತಾ ಇರುತ್ತವೆ. ಬಾಗಿಲಲ್ಲಿ ರಂಗೋಲಿ ಇದ್ದರೆ ಅದನ್ನೂ ಕಸ ಅಂತಲೇ ತಿಳಿಯುತ್ತವೆ.

ಈಗ ನನ್ನ ತಕರಾರಿಗೆ ಬರುತ್ತೇನೆ. "ಯಾವುದು ತಗೊಳ್ಳಲಿ" ಅನ್ನುವ ಬಹಳಷ್ಟು ಜನರ ಅಟ್ಟದ ಮೇಲೆ ಆಗಲೇ ಒಂದು ಮೆಷಿನ್ ಇರುತ್ತದೆ. "ಅದು ಎಳೀತಿಲ್ಲ ಸಾರ್, ಹಳೇದಾಯ್ತು." ಯಾಕೆ ಎಳೀತಿಲ್ಲ ಅಂತ ಒಬ್ಬರಾದರೂ ಕೇಳಿದ್ದರೆ ಇಷ್ಟು ಬರೆಯುವ ಕೆಲಸವೇ ಇರುತ್ತಿರಲಿಲ್ಲ. ಹಾಗಾಗಿ ಆ ಪ್ರಶ್ನೆಯನ್ನೂ ನಾನೇ ಕೇಳಿಕೊಂಡು ಉತ್ತರಿಸುತ್ತೇನೆ.

ಈ ಯಂತ್ರದಲ್ಲಿ ಇರುವುದೇ ಒಂದು ಫ್ಯಾನು, ಒಂದು ಬಟ್ಟೆ. 1901ರಲ್ಲಿ ಲಂಡನ್ನಿನ ಇಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಹೋಟೆಲಿನ ಕುರ್ಚಿಯ ಮೇಲೆ ಕರವಸ್ತ್ರ ಹರಡಿ, ಬಾಯಲ್ಲೇ ಗಾಳಿ ಎಳೆದು, ಬಟ್ಟೆಯ ಕೆಳಬದಿಗೆ ಧೂಳು ಹತ್ತಿದ್ದನ್ನು ನೋಡಿ ಇದಾಗುತ್ತದೆ ಅಂದುಕೊಂಡ. ಅಮೆರಿಕದ ಓಹಾಯೋದಲ್ಲಿ ಜೇಮ್ಸ್ ಮರ್ರಿ ಸ್ಪ್ಯಾಂಗ್ಲರ್ ಎಂಬ ಉಬ್ಬಸದ ಝಾಡಮಾಲಿ ಫ್ಯಾನಿನ ಮೋಟಾರಿಗೆ ದಿಂಬಿನ ಚೀಲ ಕಟ್ಟಿ 1908ರಲ್ಲಿ ಪೇಟೆಂಟ್ ಪಡೆದ. ಅಂದಿನಿಂದ ಇಂದಿನವರೆಗೂ ಆ ಬಟ್ಟೆ ಕಟ್ಟಿಕೊಂಡರೆ ಮೆಷಿನ್ ಸತ್ತಂತೆ. ಚೀಲ ತುಂಬುವುದೇ ಬೇಕಿಲ್ಲ. ಪಿಒಪಿ, ಸಿಮೆಂಟು, ಗೋಡೆ ಉಜ್ಜಿದ ಪುಟ್ಟಿ, ರಂಗೋಲಿ ಪುಡಿ, ಚೆಲ್ಲಿದ ಮೈದಾ ಒಮ್ಮೆ ಎಳೆದರೆ ಸಾಕು, ಚೀಲ ಮುಕ್ಕಾಲು ಖಾಲಿ ಇದ್ದಾಗಲೇ ಅದರ ಸಣ್ಣ ರಂಧ್ರಗಳೆಲ್ಲ ಮುಚ್ಚಿ ಸಕ್ಷನ್ ಬಿದ್ದುಹೋಗುತ್ತದೆ. ಮನೆ ಪೇಂಟ್ ಮಾಡಿಸಿದ ಮೇಲೆ "ಕೆಟ್ಟುಹೋದ" ಮೆಷಿನ್‌ಗಳ ಕಥೆ ಹೆಚ್ಚಾಗಿ ಇದೇ.

ಪರೀಕ್ಷೆ ಮಾಡುವುದು ಹೀಗೆ. ಹೋಸ್ ಕಳಚಿ, ಮೆಷಿನ್ ಆನ್ ಮಾಡಿ, ಹೋಸ್ ಕೂರುವ ತೂತಿಗೆ ಅಂಗೈ ಒತ್ತಿ. ಅಲ್ಲೇ ಬಲ ಇಲ್ಲದಿದ್ದರೆ ತೊಂದರೆ ಒಳಗಿದೆ: ಚೀಲ, ಮೋಟಾರಿನ ಮುಂದಿನ ಫಿಲ್ಟರ್, ಗಾಳಿ ಹೊರಹೋಗುವ ಕಡೆಯ ಫಿಲ್ಟರ್, ಅಥವಾ ಸರಿಯಾಗಿ ಕೂರದ ಮುಚ್ಚಳದ ರಬ್ಬರು. ಒಂದೊಂದಾಗಿ ತೆಗೆದು ನೋಡಿ. ಫಿಲ್ಟರ್ ಇಲ್ಲದೆ ಒಂದೆರಡು ಸೆಕೆಂಡು ಅಂಗೈ ಒತ್ತಿ ನೋಡಬಹುದು, ಧೂಳು ಮಾತ್ರ ಎಳೆಯಬೇಡಿ. ತೂತಿನಲ್ಲಿ ಬಲ ಇದ್ದರೆ ಹೋಸ್ ಸಿಕ್ಕಿಸಿ ಅದರ ತುದಿಗೆ ಅಂಗೈ ಇಡಿ. ಅಲ್ಲಿ ಬಲ ಇಲ್ಲವೇ? ಹೋಸಿನಲ್ಲಿ ಏನೋ ಸಿಕ್ಕಿಕೊಂಡಿದೆ ಅಥವಾ ಸೀಳಿದೆ. ಸಿಕ್ಕಿಕೊಳ್ಳುವುದು ಬಹುಪಾಲು ಹಿಡಿಯ ಹತ್ತಿರದ ಬಾಗಿನಲ್ಲಿ, ಸೀಳುವುದು ಮೆಷಿನ್ ಹತ್ತಿರದ ಕತ್ತಿನಲ್ಲಿ. ಒಂದು ಗೋಲಿಯನ್ನು ಹೋಸಿನೊಳಗೆ ಬಿಟ್ಟರೆ ಆ ಕಡೆಯಿಂದ ಬೀಳಬೇಕು. ಬೀಳದಿದ್ದರೆ ಕಸ ಇದೆ (ಈಗ ಗೋಲಿಯೂ ಇದೆ). ಕಡ್ಡಿ ಹಾಕಿ ತಿವಿಯಬೇಡಿ, ಹೋಸ್ ತೂತಾಗುತ್ತದೆ. ಬ್ಲೋವರ್ ಕಿಂಡಿ ಇದ್ದರೆ ಹೋಸನ್ನು ಅಲ್ಲಿಗೆ ಸಿಕ್ಕಿಸಿ, ಬಾಯಿಯನ್ನು ಹಳೇ ಗೋಣಿಚೀಲದೊಳಗೆ ಇಟ್ಟು ಊದಿಸಿ. ಆಮೇಲೆ ಉಕ್ಕಿನ ಪೈಪು, ಕೊನೆಗೆ ಬ್ರಶ್ಶು, ಅದೇ ಕ್ರಮ. ಬ್ರಶ್ಶಿನ ರೋಲರಿಗೆ ಸುತ್ತಿದ ಕೂದಲನ್ನು ಎಳೆಯದೆ ಕತ್ತರಿಯಿಂದ ಉದ್ದಕ್ಕೆ ಕತ್ತರಿಸಿ ತೆಗೆಯಬೇಕು. ಹಾಂ, ಇಷ್ಟಕ್ಕೆ ಮುಂಚೆ ಹಿಡಿಯ ಮೇಲಿನ ಸಣ್ಣ ಜಾರುಮುಚ್ಚಳ ತೆರೆದಿದೆಯೇ ನೋಡಿ. ಅದು ಪರದೆ, ಕರ್ಟನ್ನು ಒಳಗೆ ಎಳೆದುಕೊಳ್ಳದ ಹಾಗೆ ಸಕ್ಷನ್ ಕಡಿಮೆ ಮಾಡಲು ಇರುವುದು. ಅದನ್ನು ತೆರೆದಿಟ್ಟೇ ಮೆಷಿನ್ ಬದಲಾಯಿಸಿದವರಿದ್ದಾರೆ.

ಪೈಪು ಕಟ್ಟಿದಾಗ ಸದ್ದು ಏರುತ್ತದೆ. "ಪಾಪ, ಜಾಸ್ತಿ ದುಡೀತಿದೆ" ಅಂದುಕೊಳ್ಳುತ್ತಾರೆ. ಉಲ್ಟಾ. ಎಳೆಯಲು ಗಾಳಿ ಇಲ್ಲದೆ ಹೊರೆ ಇಳಿದು ಮೋಟಾರು ಬಿರುಸಾಗಿ ತಿರುಗುತ್ತಿರುತ್ತದೆ. ಒಣಕಸದ ಮೆಷಿನ್‌ನಲ್ಲಿ ಮೋಟಾರನ್ನು ತಂಪು ಮಾಡುವುದೂ ಆ ಎಳೆದ ಗಾಳಿಯೇ. ಅದು ನಿಂತರೆ ಮೋಟಾರು ಬೇಯುತ್ತದೆ, ಥರ್ಮಲ್ ಕಟಾಫ್ ಇದ್ದರೆ ತಾನೇ ಆಫ್ ಆಗುತ್ತದೆ. ತಣ್ಣಗಾದ ಮೇಲೆ ಮತ್ತೆ ಓಡಿದರೆ ಅದು ಸರಿಹೋಯಿತು ಅಂತಲ್ಲ, ಫಿಲ್ಟರ್ ನೋಡಿ ಅಂತ. ನೀರನ್ನೂ ಎಳೆಯುವ ಮೆಷಿನ್‌ನಲ್ಲಿ ಮೋಟಾರು ತಂಪಾಗಿಸಲು ಬೇರೆ ಫ್ಯಾನು, ಬೇರೆ ಗಾಳಿದಾರಿ ಇರುತ್ತದೆ. ಒಣದರಲ್ಲಿ ಅದಿಲ್ಲ, ಚೆಲ್ಲಿದ ಸಾರನ್ನು ಅದರಲ್ಲಿ ಎಳೆದರೆ ನೀರು ನೇರ ಮೋಟಾರಿಗೆ. ಎರಡೂ ಮಾಡುವ ಮೆಷಿನ್ ಆದರೂ ನೀರೆಳೆಯುವ ಮುಂಚೆ ಪೇಪರ್ ಚೀಲ ತೆಗೆದು ಸ್ಪಂಜಿನ ಫಿಲ್ಟರ್ ಹಾಕಲೇಬೇಕು. ತೊಟ್ಟಿ ತುಂಬಿದಾಗ ತೇಲುಬೆಂಡು ಮೇಲೇರಿ ಗಾಳಿ ಮುಚ್ಚುತ್ತದೆ, ಸದ್ದು ಬದಲಾಗುತ್ತದೆ, ಆಗ ಆಫ್ ಮಾಡಿ ಚೆಲ್ಲಬೇಕು.

ಗಾಳಿದಾರಿ ಎಲ್ಲ ಸರಿಯಿದ್ದೂ ಮೋಟಾರು ಎಡವಿ ಎಡವಿ ಓಡುತ್ತಿದೆ, ಒಳಗೆ ಕಿಡಿ, ಸುಟ್ಟ ವಾಸನೆ ಅಂದರೆ ಹೆಚ್ಚಾಗಿ ಕಾರ್ಬನ್ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಸಣ್ಣ ತುಂಡು) ಸವೆದಿರುತ್ತದೆ. ವೈರಿರುವ ಹೆಚ್ಚಿನ ಮೆಷಿನ್‌ಗಳ ಮೋಟಾರಿನಲ್ಲಿ ಒಂದು ಜೊತೆ ಕಾರ್ಬನ್ ಇರುತ್ತದೆ. ಮಿಕ್ಸಿ ರಿಪೇರಿಯವರು ಹಾಕಿಕೊಡುತ್ತಾರೆ, ಹೊಸ ಮೆಷಿನ್ ಬೆಲೆಯ ಮುಂದೆ ಅದು ಲೆಕ್ಕಕ್ಕಿಲ್ಲ.

ಫಿಲ್ಟರ್ ತೊಳೆಯುವುದರ ಬಗ್ಗೆ ಒಂದು ಮಾತು, ಮುಖ್ಯವಾಗಿ ಮಲೆನಾಡು, ಕರಾವಳಿಯವರಿಗೆ. ಪುಸ್ತಕದಲ್ಲಿ 24 ಗಂಟೆ ಒಣಗಿಸಿ ಅಂತ ಇರುತ್ತದೆ. ಅದು ಬಿಸಿಲಿರುವ ಊರಿನ ಮಾತು. ಆಷಾಢದ ಮಳೆಯಲ್ಲಿ ಮೂರು ದಿನವಾದರೂ ನಡುವೆ ಪಸೆ ಇರುತ್ತದೆ. ಹಸಿ ಫಿಲ್ಟರ್ ಹಾಕಿದರೆ ಧೂಳು ಕೆಸರಾಗಿ ಅಂಟಿ, ಬೂಷ್ಟು ಹಿಡಿದು, ಮೆಷಿನ್ ಆನ್ ಮಾಡಿದಾಗೆಲ್ಲ ಮನೆ ತುಂಬ ಒದ್ದೆ ನಾಯಿಯ ವಾಸನೆ. ಎರಡು ಫಿಲ್ಟರ್ ಇಟ್ಟುಕೊಂಡು ಸರದಿಯಲ್ಲಿ ಬಳಸಿ. ಹೆಪಾ, ಅಂದರೆ ಅತಿ ಸಣ್ಣ ಧೂಳನ್ನೂ ಹಿಡಿಯುವ ಫಿಲ್ಟರನ್ನು, ತೊಳೆಯಬಹುದು ಅಂತ ಬರೆದಿದ್ದರೆ ಮಾತ್ರ ತೊಳೆಯಿರಿ. ಕಾಗದದಂಥ ನಾರಿನದ್ದು ನೀರಿಗೆ ಹಾಳಾಗುತ್ತದೆ. ಹೆಪಾ ಕೊಳ್ಳುವಾಗ ಎಚ್13 ಅಂತ ದರ್ಜೆ ಇದೆಯೇ ನೋಡಿ: ಹಿಡಿಯಲು ಅತಿ ಕಷ್ಟವಾದ ಗಾತ್ರದ ಕಣಗಳಲ್ಲೂ ಶೇ. 99.95 ಹಿಡಿಯಬೇಕು ಅನ್ನುವ ಮಟ್ಟ ಅದು. ಬರೀ "ಹೆಪಾ ಟೈಪ್" ಅಂತಿದ್ದರೆ ಯಾವ ಮಾತೂ ಕೊಟ್ಟಂತಲ್ಲ. ಹಾಸಿಗೆಯ ಧೂಳುಹುಳಕ್ಕೆ ಅಂತ ಕೊಳ್ಳುವವರು ಗಮನಿಸಿ: ಬದುಕಿರುವ ಹುಳು ನಾರಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಮೆಷಿನ್‌ಗೆ ಬರುವುದು ಹೆಚ್ಚಾಗಿ ಅದರ ಹಿಕ್ಕೆ. ಅಲರ್ಜಿ ತರುವುದು ಆ ಹಿಕ್ಕೆಯೇ ಆದ್ದರಿಂದ ಎಳೆಯುವುದು ವ್ಯರ್ಥವಲ್ಲ, ಆದರೆ ಹುಳು ಸಾಯಬೇಕಾದರೆ ಹೊದಿಕೆಗಳನ್ನು 60 ಡಿಗ್ರಿ ನೀರಿನಲ್ಲಿ ಒಗೆಯಬೇಕು.

ಎಳೆಯಲೇಬಾರದ್ದು ಕೆಲವಿವೆ. ಕೆಂಡ ಉಳಿದಿರಬಹುದಾದ ಹೋಮದ ಬೂದಿ, ಸೊಳ್ಳೆಬತ್ತಿಯ ತುದಿ: ಚೀಲದೊಳಗೆ ಗಾಳಿ ಸಿಕ್ಕು ಹೊತ್ತಿಕೊಳ್ಳುತ್ತದೆ. ಒಡೆದ ಸಿಎಫ್ಎಲ್ ಬಲ್ಬು, ಹಳೇ ಥರ್ಮಾಮೀಟರ್: ಪಾದರಸ ಆವಿಯಾಗಿ ಇಡೀ ಕೋಣೆಗೆ ಹರಡುತ್ತದೆ.

ಇಷ್ಟೆಲ್ಲ ನೋಡಿಯೂ ಹೊಸದೇ ಬೇಕು ಅಂತಾದರೆ, ಸರಿ, ಉತ್ತರ ಇಲ್ಲಿದೆ. ಟೈಲ್ಸ್, ಗ್ರಾನೈಟ್, ರೆಡ್ ಆಕ್ಸೈಡ್ ನೆಲಕ್ಕೆ ಕಸಬರಿಗೆ, ಒರೆಸುವ ಬಟ್ಟೆ ಸಾಕು. ಮೆಷಿನ್ ಬೇಕಿರುವುದು ಸೋಫಾ, ಹಾಸಿಗೆ, ಸೊಳ್ಳೆ ಜಾಲರಿ, ಜಾರುಕಿಟಕಿಯ ಕಾಲುವೆ, ಪುಸ್ತಕದ ಕಪಾಟು, ಕಾರು, ಇಂಥ ಕಡೆ. ಅದಕ್ಕೆ 1000ದಿಂದ 1400 ವಾಟಿನ, ಚೀಲ ಇರುವ, ಉದ್ದ ಹೋಸಿನ ಸಾದಾ ಮೆಷಿನ್ ಸಾಕು. ತಿರುಗುವ ಬ್ರಶ್ಶು ದಪ್ಪ ಕಾರ್ಪೆಟ್ ಇದ್ದವರಿಗೆ. ನವಲಗುಂದದ ಜಮಖಾನದಂಥ ಚಪ್ಪಟೆ ನೇಯ್ಗೆಗೆ ಅದು ಬೇಡ, ಗಟ್ಟಿ ನೆಲದ ಮೇಲಂತೂ ಕಾಳುಕಡ್ಡಿಯನ್ನು ಸೋಫಾ ಕೆಳಗೆ ಸಿಡಿಸುತ್ತದೆ. ಉಬ್ಬಸದವರಿರುವ ಮನೆಯಲ್ಲಿ ಗಾಳಿಯನ್ನು ಗಿರಗಿರ ಸುತ್ತಿಸಿ ಧೂಳನ್ನು ಡಬ್ಬಿಗೆ ಬೀಳಿಸುವ, ಚೀಲವಿಲ್ಲದ ಸೈಕ್ಲೋನ್ ಮೆಷಿನ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಹಿಡಿದ ಧೂಳನ್ನು ಕಸದ ಬುಟ್ಟಿಗೆ ಸುರಿಯುವಾಗ ಅರ್ಧ ಮುಖಕ್ಕೇ ಬರುತ್ತದೆ. ಪೇಪರ್ ಚೀಲವಾದರೆ ಮೂರನೇ ಎರಡು ಭಾಗ ತುಂಬಿದಾಗ ಬಾಯಿ ಮುಚ್ಚಿ ಹಾಗೇ ಎಸೆಯಬಹುದು.

ಬಿಲ್ ಮಾಡಿಸುವ ಮುಂಚೆ ಆ ಮಾಡೆಲ್ಲಿನ ಫಿಲ್ಟರು, ಚೀಲ ಬಿಡಿಯಾಗಿ ಸಿಗುತ್ತದೆಯೇ ಕೇಳಿ, ಈಗಲೇ ಒಂದು ಜೊತೆ ಕೊಡಿ ಅನ್ನಿ. "ತರಿಸಿಕೊಡ್ತೀವಿ ಸಾರ್" ಅಂದರೆ ಆ ಮಾಡೆಲ್ ಬೇಡ, ಅದು ಎಷ್ಟು ವಾಟಿನದ್ದಾದರೂ ಸರಿ.